ಪರಾಗ್ವೆಯಲ್ಲಿ ಮುರಿದ ಮೂಕಿ

ನಾನು ಪರಾಗ್ವೆಗೆ ಹೋಗಿದ್ದು ದೇಶ ನೋಡುವುದಕ್ಕಲ್ಲ. ಅಲ್ಲಿ ಮುರಿದುಬಿದ್ದಿದ್ದ ಒಂದು ಬಂಡಿಯನ್ನು ನೋಡುವುದಕ್ಕೆ. ಅದು ನನ್ನ ವೆಲ್ಡಿಂಗ್‌ನಿಂದ ಮುರಿದಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಕೆಲಸ ಹೋದರೆ ವೀಸಾ ಹೋಗುತ್ತಿತ್ತು. ವಿಷಯ ಇಷ್ಟೇ.

ನಾನು ಪರ್ತ್‌ನ ವೆಲ್ಷ್‌ಪೂಲ್‌ನಲ್ಲಿ ವೆಲ್ಡರ್. ಓದಿದ್ದು ಒಂಬತ್ತನೇ ಕ್ಲಾಸು. ಚಿಂತಾಮಣಿಯಲ್ಲಿ ಟ್ರಾಕ್ಟರ್ ಟ್ರೇಲರ್ ಕಟ್ಟುವ ಶೆಡ್ಡಿನಲ್ಲಿ ಎಂಟು ವರ್ಷ ಕೆಲಸ ಮಾಡಿ, ಇಂಗ್ಲಿಷ್ ಪರೀಕ್ಷೆಯನ್ನು ಮೂರನೇ ಸಲ ಪಾಸು ಮಾಡಿ ಇಲ್ಲಿಗೆ ಬಂದವನು. ಇಲ್ಲಿ ನಾವು ಕಟ್ಟುವುದೂ ಬಂಡಿಗಳನ್ನೇ, ಆದರೆ ದೊಡ್ಡವು. ಹೊಲದಲ್ಲಿ ಕಟಾವು ಮೆಷಿನ್ ನಿಲ್ಲದೆ ಓಡುತ್ತಿರುತ್ತದೆ, ಪಕ್ಕದಲ್ಲಿ ಟ್ರಾಕ್ಟರ್ ನಮ್ಮ ಬಂಡಿಯನ್ನು ಎಳೆದುಕೊಂಡು ಓಡುತ್ತದೆ, ಕಾಳು ಬಂಡಿಗೆ ಬೀಳುತ್ತದೆ. ಎತ್ತಿನ ಗಾಡಿಗೆ ಇರುವ ಹಾಗೆ ಇದಕ್ಕೂ ಮುಂದೆ ಒಂದು ಮೂಕಿ ಇದೆ. ಕಬ್ಬಿಣದ್ದು, ಆಳಿನ ತೊಡೆಯಷ್ಟು ದಪ್ಪ. ಅದರ ತುದಿಗೆ ಟ್ರಾಕ್ಟರಿಗೆ ಸಿಕ್ಕಿಸುವ ಬಳೆ. ಬಳೆಯನ್ನು ಮೂಕಿಗೆ ಕೂರಿಸಿ ವೆಲ್ಡ್ ಮಾಡುವುದು ನನ್ನ ಕೆಲಸ. ಮಾಡಿದ ಮೇಲೆ, ವೆಲ್ಡಿಂಗ್‌ನಿಂದ ಒಂದು ಗೇಣು ಹಿಂದೆ ನಮ್ಮ ನಂಬರನ್ನು ಕಬ್ಬಿಣಕ್ಕೆ ಹೊಡೆಯಬೇಕು. ನನ್ನದು ಹದಿನೇಳು. ಯಾರ ಕೆಲಸ ಕೆಟ್ಟಿತು ಅಂತ ಗೊತ್ತಾಗಲಿ ಅಂತಲೇ ಆ ನಂಬರು.

ಒಂದು ದಿನ ಬೆಳಿಗ್ಗೆ ಬಾಸ್ ನನ್ನನ್ನು ಆಫೀಸಿಗೆ ಕರೆದು ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಕೆಂಪು ಮಣ್ಣಿನಲ್ಲಿ ನಮ್ಮ ಬಂಡಿ ಮೂಗು ನೆಲಕ್ಕೆ ಕೊಟ್ಟು ಮಲಗಿತ್ತು. ಸೋಯಾ ಕಾಳು ರಾಶಿಯಾಗಿ ಚೆಲ್ಲಿತ್ತು. ಮೂಕಿ ತುದಿಯಲ್ಲಿ ಎರಡು ತುಂಡಾಗಿತ್ತು. ಮುರಿದ ಜಾಗದ ಪಕ್ಕದಲ್ಲಿ, ಸಣ್ಣದಾಗಿ, ಹದಿನೇಳು.

ಯಾರಿಗೂ ಪೆಟ್ಟಾಗಿರಲಿಲ್ಲ. ನಾನು ಮೊದಲು ಕೇಳಿದ್ದು ಅದನ್ನೇ.

"ಮೇಟ್, ಇದು ನಿಂದೇನಾ?" ಅಂದ ಬಾಸ್, ಇಂಗ್ಲಿಷಿನಲ್ಲಿ.

"ನಂಬರ್ ನಂದೇ," ಅಂದೆ.

"ನಾನು ಕೇಳಿದ್ದು ಅದಲ್ಲ."

ಎರಡು ವರ್ಷದಲ್ಲಿ ನೂರಾರು ಮೂಕಿ ಮಾಡಿದ್ದೇನೆ. ಎಲ್ಲವೂ ನೆನಪಿರುತ್ತದೆ ಅಂದರೆ ಸುಳ್ಳು. ಬಾಸ್ ಕೆಟ್ಟವನಲ್ಲ. ನನ್ನನ್ನು ಪರ್ಮನೆಂಟ್ ಮಾಡುವ ಕಾಗದ ಅವನ ಮೇಜಿನ ಮೇಲೇ ಇತ್ತು, ಅವನ ಸಹಿಗೆ ಕಾಯುತ್ತಿತ್ತು. ಅದನ್ನು ಎತ್ತಿ ಡ್ರಾಯರಿಗೆ ಹಾಕಿದ. "ಹೋಗಿ ನೋಡಿಕೊಂಡು ಬಾ. ನಿಂದಲ್ಲ ಅಂದ್ರೆ ಸೈನ್ ಮಾಡ್ತೀನಿ. ನಿಂದೇ ಅಂದ್ರೆ ನನ್ ಕೈಯಲ್ಲಿ ಏನೂ ಇಲ್ಲ, ಬ್ರಿಸ್ಬೇನ್‌ನೋರು ಬಿಡಲ್ಲ," ಅಂದ. ಹೆಡ್ ಆಫೀಸ್ ಬ್ರಿಸ್ಬೇನ್‌ನಲ್ಲಿದೆ.

ಅವತ್ತೇ ಸಾಯಂಕಾಲ ಅಡಿಲೇಡ್‌ಗೆ ಫೋನ್ ಮಾಡಿದೆ. ಅಲ್ಲಿ ಪ್ರಾಸ್ಪೆಕ್ಟ್‌ನಲ್ಲಿ ನನ್ನ ದೊಡ್ಡಮ್ಮನ ಮಗಳು ಇದ್ದಾಳೆ, ಡಾಕ್ಟರ್. ನಾನು ಈ ದೇಶಕ್ಕೆ ಬಂದು ಮೊದಲ ಆರು ತಿಂಗಳು ಇದ್ದದ್ದು ಅವಳ ಮನೆಯಲ್ಲಿ.

"ಅಕ್ಕ, ಪರಾಗ್ವೆ ಅಂತ ಒಂದು ದೇಶಕ್ಕೆ ಕಳಿಸ್ತಾವ್ರೆ."

"ಎಲ್ಲೋ ಅದು? ಆಫ್ರಿಕಾನಾ?"

"ನೀನೇ ಡಾಕ್ಟ್ರು, ನಂಗೆ ಕೇಳ್ತೀಯಲ್ಲ."

ಮುರಿದ ಬಂಡಿ, ಡ್ರಾಯರಿಗೆ ಹೋದ ಕಾಗದ, ಎರಡೂ ಹೇಳಿದೆ. ಅವಳೂ ಮ್ಯಾಪ್ ನೋಡಿದಳು. ದಕ್ಷಿಣ ಅಮೆರಿಕದ ಹೊಟ್ಟೆಯಲ್ಲಿ, ಬ್ರೆಜಿಲ್, ಅರ್ಜೆಂಟೀನಾ, ಬೊಲಿವಿಯಾದ ನಡುವೆ. ಸಮುದ್ರ ಇಲ್ಲ. ಹೋಗುವುದಕ್ಕೆ ಹಳದಿ ಜ್ವರದ ಇಂಜೆಕ್ಷನ್ ಬೇಕು, ಅದು ಹಾಕಿಸಿಕೊಂಡ ಹತ್ತು ದಿನದ ಮೇಲೇ ಅದಕ್ಕೆ ಬೆಲೆ ಅಂತ ಅಕ್ಕ ಹೇಳಿದಳು. "ನೀರು ಬಾಟ್ಲಿದೇ ಕುಡಿ. ಇನ್ನೊಬ್ರು ಕುಡಿದ ಲೋಟ ಮುಟ್ಬೇಡ. ಕೇಳಿಸ್ತಾ?" ಅಂದಳು.

"ಯಾವತ್ತು ಮುಟ್ಟಿದೀನಿ ನಾನು?"

ಹಿಂದಿನಿಂದ ಅವಳ ಹತ್ತು ವರ್ಷದ ಮಗಳು ಕೂಗಿದಳು, "ಮಾಮ, ಆರ್ ಯು ಇನ್ ಟ್ರಬಲ್?"

"ಇಲ್ಲಮ್ಮ," ಅಂದೆ.

"ಯು ಸೌಂಡ್ ಲೈಕ್ ಟ್ರಬಲ್," ಅಂದಳು.

ಆ ಹತ್ತು ದಿನ ವೆಲ್ಷ್‌ಪೂಲ್‌ನಲ್ಲಿ ನನ್ನ ಕೈಗೆ ವೆಲ್ಡಿಂಗ್ ಕೊಡಲಿಲ್ಲ. ಬಣ್ಣ ಹೊಡೆಸಿದರು, ಶೆಡ್ ಗುಡಿಸಿಸಿದರು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಾಗಿತ್ತು.

ಪರ್ತ್‌ನಿಂದ ಸಿಡ್ನಿ, ಸಿಡ್ನಿಯಿಂದ ಸಾಂಟಿಯಾಗೊ, ಅಲ್ಲಿಂದ ಪರಾಗ್ವೆಯ ರಾಜಧಾನಿ ಅಸುನ್ಸಿಯೊನ್. ವಿಮಾನದ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ, ಕಾಲು ಊದಿಕೊಂಡವು. ಬಂಡಿಯ ಮಾಲೀಕನೇ ಕರೆದುಕೊಂಡು ಹೋಗಲು ಬಂದಿದ್ದ. ಐವತ್ತು ದಾಟಿದ, ಎತ್ತರದ, ಕೆಂಪು ಮುಖದ ಮನುಷ್ಯ. ಇಂಗ್ಲಿಷ್ ನನ್ನಷ್ಟೇ ಬರುತ್ತಿತ್ತು, ಆದ್ದರಿಂದ ಇಬ್ಬರಿಗೂ ಅನುಕೂಲವಾಯಿತು. ಆರು ಗಂಟೆ ಪಿಕಪ್‌ನಲ್ಲಿ ಹೋದೆವು. ದಾರಿಯುದ್ದಕ್ಕೂ ಕೆಮ್ಮಣ್ಣು. ಚಿಂತಾಮಣಿಯ ಮಣ್ಣೂ ಕೆಂಪೇ, ಆದರೆ ಇದು ಬಟ್ಟೆಗೆ ಹತ್ತಿದರೆ ಬಿಡದ ಕೆಂಪು. ಹಸುಗಳು ರಸ್ತೆಗೆ ಬರುತ್ತಿದ್ದವು, ಮಾಲೀಕ ಹಾರ್ನ್ ಹೊಡೆದು ಬೈಯುತ್ತಿದ್ದ. ಯಾವ ಭಾಷೆಯಾದರೂ ಹಸುವಿಗೆ ಬೈಯುವುದು ಒಂದೇ ತರಹ ಇರುತ್ತದೆ.

ಹೊಲದ ಪಕ್ಕದಲ್ಲೇ ಅವರ ವರ್ಕ್‌ಶಾಪ್. ತಗಡಿನ ಶೆಡ್, ಮಾವಿನ ಮರ, ಏಳು ಜನ ಕೆಲಸಗಾರರು. ಅವರಿಗೆ ದೊಡ್ಡವನು ಒಬ್ಬ ಮುದುಕ, ಬಿಳಿ ಮೀಸೆ, ಹುಲ್ಲಿನ ಟೋಪಿ. ಹೆಸರು ಬೇಡ, ನಾನು ಮನಸ್ಸಿನಲ್ಲೇ ಮೇಸ್ತ್ರಿ ಅಂತ ಕರೆದೆ. ಅವನ ಮುಂದೋಳಿನ ಮೇಲೆ ಕಿಡಿ ಬಿದ್ದ ಗುರುತುಗಳಿದ್ದವು, ವೆಲ್ಡರ್ ಅಂತ ದೂರದಿಂದಲೇ ಗೊತ್ತಾಗುತ್ತಿತ್ತು.

ನಾನು ಸೀದಾ ಮೂಕಿಯ ಹತ್ತಿರ ಹೋದೆ. ಗ್ರೈಂಡರ್ ತೆಗೆದುಕೊಂಡು ಬಣ್ಣ ಕೆರೆದೆ. ಮೊದಲ ಸಮಾಧಾನ ಅಲ್ಲೇ ಆಯಿತು. ಮುರಿದ ಜಾಗದ ವೆಲ್ಡಿಂಗ್ ನಂಬರಿನಿಂದ ಗೇಣು ದೂರ ಇರಬೇಕಿತ್ತು, ನಾಲ್ಕು ಬೆರಳಿನ ದೂರದಲ್ಲಿತ್ತು. ವೆಲ್ಡಿಂಗ್ ಗೆರೆಯೂ ನನ್ನದಲ್ಲ. ಗೆರೆ ಕೈಬರಹದ ಹಾಗೆ, ನಮ್ಮದು ನಮಗೆ ಗೊತ್ತಾಗುತ್ತದೆ. ಯಾರೋ ಮೂಕಿಯ ತುದಿಯನ್ನು ನನ್ನ ವೆಲ್ಡಿಂಗ್ ಸಮೇತ ಕತ್ತರಿಸಿ ತೆಗೆದು, ಬೇರೆ ತುದಿ ಕೂರಿಸಿ, ಮೇಲೆ ನಮ್ಮದೇ ಬಣ್ಣ ಹೊಡೆದಿದ್ದರು.

ನನಗೆ ಗೊತ್ತಾದರೆ ಸಾಲದು. ಬ್ರಿಸ್ಬೇನ್‌ನವರು "ನೀನೇ ನಂಬರನ್ನು ತಪ್ಪು ಜಾಗಕ್ಕೆ ಹೊಡೆದಿದ್ದೀಯ" ಅನ್ನಬಹುದಿತ್ತು. ಕತ್ತರಿಸಿದ ತುಂಡು ಬೇಕು, ಇಲ್ಲವೇ ಕತ್ತರಿಸಿದವನ ಬಾಯಿಮಾತು ಬೇಕು. ಫೋನಿಗೆ ಇಂಗ್ಲಿಷಿನಲ್ಲಿ ಹೇಳಿದೆ, ಅದು ಅವರ ಭಾಷೆಯಲ್ಲಿ ಕೇಳಿತು: ಇದನ್ನು ಯಾರು ಕತ್ತರಿಸಿದ್ದು?

ಒಬ್ಬ ಕೆಮ್ಮಿದ. ಮೇಸ್ತ್ರಿ ತನ್ನ ಬೂಟು ನೋಡಿಕೊಂಡ. ಮಾಲೀಕ, "ನಮ್ಮಲ್ಲಿ ಯಾರೂ ಮುಟ್ಟಿಲ್ಲ. ನಾನು ಹೇಳದೆ ಇಲ್ಲಿ ಒಂದು ಬೋಲ್ಟ್ ಕೂಡ ಬಿಚ್ಚಲ್ಲ," ಅಂದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆಮೇಲೆ ಎಲ್ಲರೂ ಮಾವಿನ ಮರದ ಕೆಳಗೆ ಕುಳಿತರು. ಅಲ್ಲಿಯವರಿಗೆ ತೆರೆರೆ ಅಂತ ಒಂದಿದೆ. ಹಸುವಿನ ಕೊಂಬಿನ ಲೋಟ, ಅದರ ತುಂಬ ಒಣಗಿದ ಸೊಪ್ಪಿನ ಪುಡಿ, ಅದಕ್ಕೊಂದು ಕಬ್ಬಿಣದ ಕೊಳವೆ. ಒಬ್ಬ ಐಸ್ ನೀರು ಹೊಯ್ದು ಕೊಡುತ್ತಾನೆ, ನೀವು ಹೀರಿ ವಾಪಸ್ ಕೊಡಬೇಕು, ಅವನು ಮತ್ತೆ ನೀರು ಹೊಯ್ದು ಪಕ್ಕದವನಿಗೆ ಕೊಡುತ್ತಾನೆ. ಒಂದೇ ಕೊಂಬು, ಒಂದೇ ಕೊಳವೆ, ಅಷ್ಟೂ ಬಾಯಿ. ಒರೆಸುವುದೂ ಇಲ್ಲ.

ನನ್ನ ಸರದಿ ಬಂದಾಗ ಬೇಡ ಅಂದೆ. ಎಂಜಲು. ಅಕ್ಕ ಹೇಳಿದ್ದು ಒಂದು ಕಡೆ, ನಮ್ಮಜ್ಜಿ ಬೆಳೆಸಿದ್ದು ಇನ್ನೊಂದು ಕಡೆ. ಚೊಂಬು ತುಟಿಗೆ ತಗುಲಿದರೆ ಹುಣಸೆಹಣ್ಣು ಹಾಕಿ ತಿಕ್ಕಿಸುತ್ತಿದ್ದಳು. ದೂರ ಹೋಗಿ ನನ್ನ ಬಾಟಲಿ ನೀರು ಕುಡಿದೆ. ಸಾಯಂಕಾಲದವರೆಗೆ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಸ್ಪ್ಯಾನರ್ ಕೇಳಿದರೆ ಕೊಡುತ್ತಿದ್ದರು, ಮುಖ ನೋಡುತ್ತಿರಲಿಲ್ಲ.

ಮಾರನೇ ದಿನವೂ ಅದೇ. ಮಧ್ಯಾಹ್ನವಾಯಿತು. ಇನ್ನು ಎರಡು ದಿನಕ್ಕೆ ವಾಪಸ್ ಹೋಗಬೇಕು, ಕೈಯಲ್ಲಿ ಏನೂ ಇಲ್ಲ. ಮಾಲೀಕನನ್ನು ಕೇಳಿದೆ, "ಇವ್ರು ಯಾಕೆ ಬಾಯಿ ಬಿಡಲ್ಲ?"

ಅವನು ನಕ್ಕ. "ನೀನು ಅವರ ಜೊತೆ ಕುಡಿಯಲ್ಲ, ಅವರು ನಿನ್ನ ಜೊತೆ ಮಾತಾಡಲ್ಲ. ಇಲ್ಲಿ ಜಗಳ, ಮದುವೆ, ವ್ಯಾಪಾರ, ಎಲ್ಲ ಆ ಕೊಂಬಿನ ಸುತ್ತಾನೇ."

ಹೋಗಿ ಕುಳಿತೆ. ವೀಸಾಗಿಂತ ಎಂಜಲು ದೊಡ್ಡದಲ್ಲ. ಕೊಂಬು ನನ್ನ ಕೈಗೆ ಬಂತು. ಇನ್ನೇನು ಬಾಯಿಗೆ ಇಡಬೇಕು, ಕೈ ತಾನೇ ಬುದ್ಧಿ ಓಡಿಸಿತು. ಕೊಳವೆಯನ್ನು ಕಿತ್ತು ಪಕ್ಕಕ್ಕೆ ಹಿಡಿದು, ತಲೆ ಹಿಂದಕ್ಕೆ ಮಾಡಿ, ಕೊಂಬನ್ನು ಎತ್ತಿ ಬಾಯಿಗೆ ಹೊಯ್ದುಕೊಂಡೆ. ಮನೆಯಲ್ಲಿ ಚೊಂಬಿನ ನೀರು ಎತ್ತಿ ಕುಡಿಯುವುದಿಲ್ಲವೇ, ಹಾಗೆ.

ಚೊಂಬಿನಲ್ಲಿ ಇರುವುದು ನೀರು. ಕೊಂಬಿನಲ್ಲಿ ಇದ್ದದ್ದು ಅರ್ಧ ಸೇರು ನೆಂದ ಸೊಪ್ಪು. ಮೊದಲು ಏನೂ ಬೀಳಲಿಲ್ಲ. ಆಮೇಲೆ ಅಷ್ಟೂ ಒಟ್ಟಿಗೆ ಬಿತ್ತು. ಬಾಯಿ, ಮೂಗು, ಕಣ್ಣು, ಅಂಗಿಯ ಒಳಗೆ. ಸಗಣಿ ಸಾರಿಸಿದ ಹಾಗೆ ಮುಖ ಹಸಿರಾಯಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು.

ಅವರಲ್ಲಿ ಆ ಕೊಳವೆಯನ್ನು ಅಲ್ಲಾಡಿಸುವುದೇ ತಪ್ಪಂತೆ, ನಾನು ಕಿತ್ತೇ ಹಾಕಿದ್ದೆ. ಮೇಸ್ತ್ರಿ ನನ್ನ ಕೈಯಲ್ಲಿದ್ದ ಕೊಳವೆಯನ್ನು ನೋಡಿದ, ನನ್ನ ಮುಖ ನೋಡಿದ. ಆಮೇಲೆ ಅವನ ಮೀಸೆ ಅಲ್ಲಾಡಿತು. ಒಬ್ಬ ಏನೋ ಅಂದ. ಏಳು ಜನವೂ ನೆಲಕ್ಕೆ ಬಿದ್ದು ನಕ್ಕರು. ಆಫೀಸಿನಿಂದ ಓಡಿ ಬಂದ ಮಾಲೀಕನಿಗೆ ಅದೇ ಮಾತನ್ನು ಮತ್ತೆ ಹೇಳಿದರು.

"ಅವನು ಏನಂದ?" ಕೇಳಿದೆ.

"ಹಸುವಿಗೆ ಕೊಂಬು ಇರುತ್ತೆ, ಮೇವೂ ಬೇಕು, ಎರಡೂ ಒಟ್ಟಿಗೆ ಕೊಟ್ಟಿದ್ದೀವಿ ಪಾಪ ಅಂದ."

ನನಗೂ ನಗು ಬಂತು. ಹತ್ತು ಹದಿನೈದು ದಿನದಿಂದ ನಕ್ಕಿರಲಿಲ್ಲ.

ಮೇಸ್ತ್ರಿ ಕೊಂಬನ್ನು ತೊಳೆದು, ಹೊಸ ಪುಡಿ ತುಂಬಿ, ಕೊಳವೆಯನ್ನು ಸರಿಯಾಗಿ ನೆಟ್ಟು, ನೀರು ಹೊಯ್ದು ಮೊದಲು ತಾನು ಹೀರಿದ. ಮತ್ತೆ ನೀರು ಹೊಯ್ದು ನನಗೆ ಕೊಟ್ಟ. ಕೊಳವೆಯ ತುದಿ ಒದ್ದೆ ಇತ್ತು. ಕಣ್ಣು ಮುಚ್ಚಿ ಹೀರಿದೆ. ಬೇವಿನ ಕಹಿ, ಆದರೆ ಸುಡುವ ಬಿಸಿಲಿನಲ್ಲಿ ಎದೆಯವರೆಗೆ ತಣ್ಣಗೆ ಇಳಿಯಿತು. ಎರಡನೇ ಸುತ್ತು ಬಂತು. ಮೂರನೇ ಸುತ್ತಿಗೆ ನಾನೇ ಕೈ ಚಾಚಿದೆ.

ಮೇಸ್ತ್ರಿ ನನ್ನ ಮುಂಗೈ ಹಿಡಿದು ಕಿಡಿ ಬಿದ್ದ ಗುರುತುಗಳನ್ನು ಬೆರಳಿಟ್ಟು ನೋಡಿದ. ತನ್ನವನ್ನು ಪಕ್ಕದಲ್ಲಿಟ್ಟು ತೋರಿಸಿದ. ಅವನವು ಜಾಸ್ತಿ ಇದ್ದವು. ನಾನು ಫೋನ್ ತೆಗೆದು ಈ ಸಲ ಪ್ರಶ್ನೆ ಕೇಳಲಿಲ್ಲ, ವಿಷಯ ಹೇಳಿದೆ: "ಅದು ನನ್ನ ವೆಲ್ಡಿಂಗ್ ಆದರೆ ನನ್ನ ಕೆಲಸ ಹೋಗುತ್ತದೆ. ನಾನು ಆ ದೇಶ ಬಿಡಬೇಕಾಗುತ್ತದೆ." ಫೋನ್ ಅವರ ಭಾಷೆಯಲ್ಲಿ ಹೇಳಿತು. ಮೇಸ್ತ್ರಿ ಮತ್ತೊಂದು ಸಲ ಹೇಳಿಸಿ ಕೇಳಿದ. ಬಂಡಿ ಮುರಿದರೆ ಕಂಪನಿಗೆ ನಷ್ಟ ಅಂತ ಅಂದುಕೊಂಡಿದ್ದ, ಒಬ್ಬ ವೆಲ್ಡರ್‌ಗೆ ಅಂತ ಅಂದುಕೊಂಡಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಎದ್ದು ನನ್ನನ್ನು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದ. ಹಳೇ ಕಬ್ಬಿಣದ ಗುಡ್ಡೆ. ವರ್ಕ್‌ಶಾಪಿನವರು ಯಾವ ದೇಶದಲ್ಲೂ ಕಬ್ಬಿಣ ಬಿಸಾಡುವುದಿಲ್ಲ. ಎರಡು ತಗಡು ಸರಿಸಿ, ಬಗ್ಗಿ, ಒಂದು ತುಂಡನ್ನು ಎಳೆದು ನನ್ನ ಕಾಲ ಬಳಿ ಹಾಕಿದ. ಬಳೆ, ಅದಕ್ಕೆ ಅಂಟಿದ ಮೂಕಿಯ ತುದಿ, ಎರಡರ ನಡುವೆ ನನ್ನ ವೆಲ್ಡಿಂಗ್. ಪೂರ್ತಿ. ಒಂದು ಕೂದಲೆಳೆ ಬಿರುಕಿಲ್ಲ.

ನಾನು ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟೆ. ಆ ತುಂಡನ್ನು ತೊಡೆಯ ಮೇಲೆ ಇಟ್ಟುಕೊಂಡು ಗೆರೆಯ ಮೇಲೆ ಬೆರಳು ಎಳೆದೆ. ಅಳಲಿಲ್ಲ. ಅಳು ಬರುವ ಹಾಗಿತ್ತು ಅಷ್ಟೇ.

ನಡೆದದ್ದು ಇದು. ಅವರ ಟ್ರಾಕ್ಟರಿನ ಕೊಂಡಿ ನಮ್ಮ ಬಳೆಗಿಂತ ಎತ್ತರ. ಕಟಾವು ಶುರುವಾಗಿತ್ತು, ಮಾಲೀಕ ರಾಜಧಾನಿಗೆ ಹೋಗಿದ್ದ, ಮೋಡ ಕಟ್ಟಿತ್ತು. ಮೇಸ್ತ್ರಿ ತುದಿ ಕತ್ತರಿಸಿ, ಎತ್ತರಕ್ಕೆ ಬಗ್ಗಿಸಿದ ಬೇರೆ ತುದಿ ಹಾಕಿ, ಒಂದೇ ದಿನದಲ್ಲಿ ಬಂಡಿಯನ್ನು ಹೊಲಕ್ಕೆ ಇಳಿಸಿದ. ಬೆಳೆ ಉಳಿಯಿತು. ಎರಡು ವಾರದ ಮೇಲೆ ಮೂಕಿ ಮುರಿಯಿತು. ಆಗ ಹೇಳುವುದಕ್ಕೆ ಹೆದರಿದ.

ಫೋಟೋ ತೆಗೆಯಬೇಕು ಅಂತ ಫೋನ್ ಎತ್ತಿದವನು ನಿಲ್ಲಿಸಿದೆ. ಇವನ ಕೆಲಸ ಹೋದರೆ? ಅದನ್ನೂ ಫೋನಿಗೆ ಹೇಳಿದೆ. ಮೇಸ್ತ್ರಿ ಕೈ ಬೀಸಿದ, ನೊಣ ಓಡಿಸುವ ಹಾಗೆ. ತುಂಡನ್ನು ನನ್ನ ತೊಡೆಯಿಂದ ಎತ್ತಿ ಹೆಗಲ ಮೇಲೆ ಹೊತ್ತು ಸೀದಾ ಮಾಲೀಕನ ಆಫೀಸಿಗೆ ನಡೆದ. ಅದರ ತೂಕ ನನಗೆ ಗೊತ್ತು. ಅವನ ವಯಸ್ಸಿಗೆ ಹೊರುವಂಥದ್ದಲ್ಲ.

ಮಾಲೀಕ ಹತ್ತು ನಿಮಿಷ ಕೂಗಾಡಿದ. ಮೇಜು ಕುಟ್ಟಿದ. ಹೊರಗೆ ನಿಂತ ನಮಗೆಲ್ಲ ಕೇಳಿಸುತ್ತಿತ್ತು. ನಾನು ಒಳಗೆ ನುಗ್ಗಿ ಹೇಳಿದೆ, "ಅವನ ವೆಲ್ಡಿಂಗ್ ಕೆಟ್ಟದ್ದಲ್ಲ. ಹಾಕಿದ ಕಬ್ಬಿಣ ತೆಳು, ಇಷ್ಟು ಭಾರಕ್ಕೆ ಆಗಲ್ಲ. ಸರಿಯಾದ ಕಬ್ಬಿಣ ಕೊಟ್ರೆ ನಾಳೆ ಇಬ್ರೂ ಸೇರಿ ಮಾಡ್ತೀವಿ."

"ಅವನನ್ನ ತೆಗೆದು ಹಾಕ್ತೀಯಾ?" ಅಂತಲೂ ಕೇಳಿಬಿಟ್ಟೆ. ಕೇಳಬಾರದಿತ್ತೇನೋ.

"ಮೂವತ್ತು ವರ್ಷದಿಂದ ಇದ್ದಾನೆ. ತೆಗೆದು ಯಾರನ್ನ ತರಲಿ, ನಿನ್ನನ್ನಾ? ನಿನಗೆ ಕುಡಿಯೋಕೇ ಬರಲ್ಲ," ಅಂದ ಮಾಲೀಕ. ಮೇಸ್ತ್ರಿಗೆ ಅದು ಅರ್ಥವಾಗಲಿಲ್ಲ, ಆದರೆ ಮಾಲೀಕನ ದನಿ ಇಳಿದದ್ದು ಅರ್ಥವಾಯಿತು. ಟೋಪಿ ತೆಗೆದು ಹಣೆ ಒರೆಸಿಕೊಂಡ.

ಅವತ್ತು ಸಾಯಂಕಾಲ ಬ್ರಿಸ್ಬೇನ್‌ಗೆ ವೀಡಿಯೊ ಕಾಲ್. ಅಲ್ಲಿ ಆಗ ಮಾರನೇ ದಿನದ ಬೆಳಿಗ್ಗೆ. ಹೆಡ್ ಆಫೀಸಿನ ಎಂಜಿನಿಯರು ಮೈಸೂರಿನವರು. ಒಂದೇ ಭಾಷೆ ಅಂತ ರಿಯಾಯಿತಿ ಕೊಡುವವರಲ್ಲ, ಅದನ್ನು ಮೊದಲೇ ಹೇಳಿದ್ದರು.

"ಆ ಪೀಸ್ ಎತ್ಕೊಳಪ್ಪ. ಬೆಳಕಿಗೆ ಹಿಡಿ. ತಿರುಗ್ಸು. ನಿಧಾನ. ಕತ್ತರಿಸಿದ ಕಡೆ ತೋರ್ಸು."

ತೋರಿಸಿದೆ.

"ಈಗ ಅದನ್ನ ಬಂಡಿಲಿ ಉಳಿದಿರೋ ಭಾಗಕ್ಕೆ ಸೇರ್ಸಿ ಹಿಡಿ. ನಂಬರಿಂದ ನಿನ್ ವೆಲ್ಡ್‌ಗೆ ಟೇಪ್ ಇಡು."

ಟೇಪ್ ಇಟ್ಟೆ. ತುಂಡು ಸರಿಯಾಗಿ ಕೂತಿತು, ನಂಬರಿಗೂ ವೆಲ್ಡಿಂಗಿಗೂ ನಡುವೆ ಒಂದು ಗೇಣು.

ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ.

"ಸರ್? ಇದೀರಾ?"

"ಇದೀನಪ್ಪ, ಕಾಫಿ ಕುಡೀತಿದ್ದೆ. ನಿಂದಲ್ಲ ಬಿಡು. ಇವತ್ತೇ ಪರ್ತ್‌ಗೆ ಬರೀತೀನಿ. ಆಮೇಲೆ ನಿನ್ ಅಂಗಿ ಮೇಲೇನೋ ಅದು ಹಸ್ರು?"

"ಸೊಪ್ಪು ಸರ್."

"ಅಲ್ಲೂ ಬಸ್ಸಾರಾ?"

ಮಾರನೇ ದಿನ ಮೇಸ್ತ್ರಿ, ನಾನು ಸೇರಿ ಹೊಸ ತುದಿ ಮಾಡಿದೆವು. ಅವನು ಅಳತೆ ಹಿಡಿದ, ನಾನು ವೆಲ್ಡ್ ಮಾಡಿದೆ. ಒಂದು ಬದಿಯನ್ನು ಅವನೇ ಮಾಡುತ್ತೇನೆ ಅಂತ ಹಟ ಹಿಡಿದ, ಮಾಡಿದ, ನನಗಿಂತ ನಿಧಾನ ಆದರೆ ನೀಟು. ಬಂಡಿಗೆ ಕಾಳು ತುಂಬಿ ಹೊಲದಲ್ಲಿ ಮೂರು ಸುತ್ತು ಓಡಿಸಿದೆವು. ಮೂಕಿ ಅಲ್ಲಾಡಲಿಲ್ಲ. ಪರಾಗ್ವೆಯಲ್ಲಿ ನಾನು ನೋಡಿದ್ದು ಇಷ್ಟೇ. ಅಲ್ಲೇ ಹತ್ತಿರದಲ್ಲಿರುವ ದೊಡ್ಡ ಜಲಪಾತ ನೋಡಿದೆಯಾ ಅಂತ ಆಮೇಲೆ ಎಲ್ಲರೂ ಕೇಳಿದರು. ಇಲ್ಲ.

ವಾಪಸ್ ಬರುವಾಗ ಸಿಡ್ನಿಯಿಂದ ಅಡಿಲೇಡ್‌ಗೆ ಟಿಕೆಟ್ ತೆಗೆದುಕೊಂಡೆ. ಶನಿವಾರ, ಭಾನುವಾರ ಹೇಗೂ ರಜೆ. ವಿಮಾನ ಇಳಿದು ಫೋನ್ ಆನ್ ಮಾಡಿದ ಕೂಡಲೇ ಬಾಸ್‌ನ ಕಾಲ್ ಬಂತು.

"ಸೋಮವಾರ ಬೆಳಿಗ್ಗೆ ಆರು ಗಂಟೆ. ಲೇಟ್ ಆಗಬೇಡ, ಮೂಕಿ ಎಲ್ಲ ಬಾಕಿ ಬಿದ್ದಿವೆ. ಆಮೇಲೆ, ಸೈನ್ ಮಾಡಿದ್ದೀನಿ," ಅಂದ. ಅವನೂ ಈಗ ಇಂಗ್ಲಿಷಿನಲ್ಲಿ ಡ್ರಾಬಾರ್ ಅನ್ನುವುದನ್ನು ಬಿಟ್ಟು ನನ್ನ ಹಾಗೇ ಮೂಕಿ ಅನ್ನುತ್ತಾನೆ. ನಾನು ಥ್ಯಾಂಕ್ಸ್ ಹೇಳುವುದರೊಳಗೆ ಫೋನ್ ಇಟ್ಟುಬಿಟ್ಟ.

ಪ್ರಾಸ್ಪೆಕ್ಟ್‌ನ ಮನೆಯಲ್ಲಿ ಅಕ್ಕ ಬಾಗಿಲು ತೆಗೆದಳು. ಕೆಲಸದ ವಿಷಯ ಕೇಳಲಿಲ್ಲ. ನನ್ನ ಮುಖ ನೋಡಿಯೂ ಕೇಳಲಿಲ್ಲ, "ಕೈಕಾಲು ತೊಳ್ಕೊಂಡು ಬಾ, ಮುದ್ದೆ ಆರೋಗುತ್ತೆ" ಅಂದಳು.

"ಅಕ್ಕ, ನಂದಲ್ಲ ಅದು. ಕೆಲ್ಸ ಇದೆ. ಪರ್ಮನೆಂಟ್ ಪೇಪರ್‌ಗೂ ಸೈನ್ ಹಾಕ್ದ."

ಅವಳು ಅಡಿಗೆಮನೆ ಕಟ್ಟೆಗೆ ಒರಗಿ ನಿಂತಳು. "ಫೋನ್ ಮಾಡಿ ಹೇಳಕ್ಕೆ ಏನಾಗಿತ್ತು ನಿಂಗೆ? ಬಾಯಲ್ಲಿ ಏನ್ ಇಟ್ಕೊಂಡಿದ್ದೆ?"

"ಎದುರಿಗೇ ಹೇಳಣ ಅಂತ."

"ಎದುರಿಗೆ ಹೇಳ್ತಾನಂತೆ, ಮಹಾರಾಜ. ನಾಲ್ಕು ದಿನದಿಂದ ಪೇಷೆಂಟ್ಸ್ ಏನ್ ಹೇಳ್ತಾವ್ರೆ ಅಂತಾನೇ ಕಿವಿಗೆ ಹೋಗ್ತಿಲ್ಲ ನಂಗೆ."

ಕೈಚೀಲ ಇಡಲು ಹಿಂದಿನ ಸಣ್ಣ ರೂಮಿಗೆ ಹೋದೆ. ಅದರಲ್ಲಿ ಯಾವಾಗಲೂ ಇಸ್ತ್ರಿ ಮೇಜು, ಹಳೇ ಸೂಟ್‌ಕೇಸು, ಮಗುವಿನ ಸೈಕಲ್ಲು ತುಂಬಿರುತ್ತಿದ್ದವು. ಈಗ ಖಾಲಿ. ಹೊಸ ಮಂಚ, ಹೊಸ ಹಾಸಿಗೆ, ಬೀರುವಿನಲ್ಲಿ ಖಾಲಿ ಹ್ಯಾಂಗರುಗಳು.

"ಯಾರಾದ್ರೂ ಬರ್ತಾವ್ರಾ?" ಅಂತ ಕೂಗಿ ಕೇಳಿದೆ.

ಅಕ್ಕನ ಮಗಳು ಬಾಗಿಲಲ್ಲಿ ಬಂದು ನಿಂತು ಹೇಳಿದಳು, "ಇಟ್ಸ್ ಫಾರ್ ಯು, ಮಾಮ. ಅಮ್ಮ ಸೆಡ್ ಯು ಮೈಟ್ ಹ್ಯಾವ್ ನೋವೇರ್ ಟು ಗೋ."

ಊಟ ಮಾಡುವಾಗ ಅಕ್ಕ ಎರಡನೇ ಮುದ್ದೆ ತಟ್ಟೆಗೆ ಹಾಕಿದಳು, ಬೇಡ ಅಂದರೂ ಹಾಕಿದಳು. ಊಟ ಮುಗಿಸಿ, ಮಟಮಟ ಮಧ್ಯಾಹ್ನವೇ, ಆ ಹೊಸ ಹಾಸಿಗೆಯ ಮೇಲೆ ಮಲಗಿದೆ. ಎದ್ದಾಗ ಭಾನುವಾರ ಬೆಳಗಾಗಿತ್ತು. ಕೆಲಸ ಹೋಗಿದ್ದರೂ ದೇಶ ಬಿಡುವವರೆಗೆ ಅಲ್ಲೇ ಮಲಗುತ್ತಿದ್ದೆ, ಆದರೆ ಹೀಗೆ ನಿದ್ದೆ ಬರುತ್ತಿರಲಿಲ್ಲ.